ಸ್ಕೋಪ್ ಷರತ್ತು (ವಿಮಾನಯಾನ)

ಸ್ಕೋಪ್ ಷರತ್ತು ಅಥವಾ ವ್ಯಾಪ್ತಿ ಷರತ್ತು ಎಂಬುದು ವಿಮಾನಯಾನ ಸಂಸ್ಥೆಯೊಂದು ತನ್ನ ಪೈಲಟ್‌ಗಳ ಸಂಘದೊಡನೆ ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದದ ಒಂದು ಭಾಗವಾಗಿದೆ. ಸಂಸ್ಥೆಯ ಹೆಸರಿನಲ್ಲಿ ನಡೆಯುವ ಹಾರಾಟಗಳಲ್ಲಿ ಯಾವುವನ್ನು ಅದರ ಸ್ವಂತ ಪೈಲಟ್‌ಗಳೇ ನಡೆಸಬೇಕು, ಯಾವುವನ್ನು ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡಬಹುದು ಎಂಬುದನ್ನು ಈ ಷರತ್ತು ನಿಗದಿಪಡಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ದೊಡ್ಡ ವಿಮಾನಯಾನ ಸಂಸ್ಥೆಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಅಲ್ಲಿ ಪ್ರಾದೇಶಿಕ ಸಂಸ್ಥೆಗಳು ಹಾರಿಸಬಹುದಾದ ಜೆಟ್ ವಿಮಾನಗಳ ಆಸನ ಸಂಖ್ಯೆ, ತೂಕ ಮತ್ತು ಒಟ್ಟು ಎಣಿಕೆ ಈ ಷರತ್ತಿಗೆ ಒಳಪಟ್ಟಿವೆ. ಇದು ಸರ್ಕಾರದ ಕಾನೂನಲ್ಲ. ಉದ್ಯೋಗದಾತ ಮತ್ತು ಉದ್ಯೋಗಿಗಳ ನಡುವಿನ ಕರಾರು ಮಾತ್ರ. ಆದರೂ ಪೈಲಟ್‌ಗಳ ವೇತನ, ಸಣ್ಣ ಊರುಗಳ ವಿಮಾನ ಸಂಪರ್ಕ ಮತ್ತು ಹೊಸ ವಿಮಾನಗಳ ವಿನ್ಯಾಸ ಇವೆಲ್ಲವುಗಳ ಮೇಲೆ ಇದರ ಪ್ರಭಾವ ಕಂಡುಬರುತ್ತದೆ.

ಹಿನ್ನೆಲೆ

ಅಮೆರಿಕದಲ್ಲಿ 1978ರವರೆಗೆ ವಿಮಾನ ಮಾರ್ಗಗಳನ್ನೂ ಪ್ರಯಾಣ ದರಗಳನ್ನೂ ಸರ್ಕಾರಿ ಮಂಡಳಿಯೊಂದು ನಿಯಂತ್ರಿಸುತ್ತಿತ್ತು. ಆ ವರ್ಷ ಜಾರಿಗೆ ಬಂದ ವಿಮಾನಯಾನ ನಿಯಂತ್ರಣ ಸಡಿಲಿಕೆ ಕಾಯಿದೆಯಿಂದ ಸಂಸ್ಥೆಗಳು ತಮ್ಮ ಮಾರ್ಗ ಮತ್ತು ದರಗಳನ್ನು ತಾವೇ ನಿರ್ಧರಿಸಿಕೊಳ್ಳಲು ಸ್ವತಂತ್ರವಾದವು. ದೊಡ್ಡ ಸಂಸ್ಥೆಗಳು ಕೆಲವು ಮಹಾನಗರಗಳನ್ನು ಕೇಂದ್ರ ನಿಲ್ದಾಣಗಳನ್ನಾಗಿ ಮಾಡಿಕೊಂಡು, ಸುತ್ತಲಿನ ಸಣ್ಣ ಊರುಗಳಿಂದ ಪ್ರಯಾಣಿಕರನ್ನು ಅಲ್ಲಿಗೆ ಕರೆತರುವ ಪದ್ಧತಿಯನ್ನು ವಿಸ್ತರಿಸಿದವು. ಈ ಕಿರು ಹಾರಾಟಗಳನ್ನು ನಡೆಸಲು ಪ್ರಾದೇಶಿಕ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಲಾಯಿತು.

ಇಂತಹ ವ್ಯವಸ್ಥೆಯಲ್ಲಿ ವಿಮಾನದ ಮೇಲಿನ ಬಣ್ಣ ಹಾಗೂ ಚಿಹ್ನೆ, ಪ್ರಯಾಣಿಕನ ಟಿಕೆಟ್, ವಿಮಾನದ ಸಂಖ್ಯೆ ಎಲ್ಲವೂ ದೊಡ್ಡ ಸಂಸ್ಥೆಗೆ ಸೇರಿದವು. ವಿಮಾನವನ್ನು ಹಾರಿಸುವ ಪೈಲಟ್ ಮಾತ್ರ ಬೇರೊಂದು ಸಂಸ್ಥೆಯ ನೌಕರ. ಬಹುತೇಕ ಒಪ್ಪಂದಗಳಲ್ಲಿ ದೊಡ್ಡ ಸಂಸ್ಥೆಯೇ ವೇಳಾಪಟ್ಟಿಯನ್ನೂ ಟಿಕೆಟ್ ದರವನ್ನೂ ನಿರ್ಧರಿಸಿ, ಹಾರಾಟಕ್ಕೆ ಇಂತಿಷ್ಟು ಎಂದು ಪ್ರಾದೇಶಿಕ ಸಂಸ್ಥೆಗೆ ಹಣ ಪಾವತಿಸುತ್ತದೆ. ಪ್ರಾದೇಶಿಕ ಪೈಲಟ್‌ಗಳ ವೇತನ ದೊಡ್ಡ ಸಂಸ್ಥೆಯ ಪೈಲಟ್‌ಗಳ ವೇತನಕ್ಕಿಂತ ಬಹಳ ಕಡಿಮೆ ಇದ್ದುದರಿಂದ ಈ ಏರ್ಪಾಟು ಆಡಳಿತ ವರ್ಗಕ್ಕೆ ಲಾಭದಾಯಕವಾಗಿತ್ತು.

ಪೈಲಟ್‌ಗಳ ವೃತ್ತಿಯಲ್ಲಿ ಜ್ಯೇಷ್ಠತಾ ಪಟ್ಟಿಯೇ ಆಧಾರ. ಯಾವ ವಿಮಾನ ಹಾರಿಸುವುದು, ಯಾವ ಊರಿನಲ್ಲಿ ನೆಲೆಸುವುದು, ಎಂದು ಕ್ಯಾಪ್ಟನ್ ಆಗಿ ಬಡ್ತಿ ಪಡೆಯುವುದು ಎಂಬುದೆಲ್ಲ ಆ ಪಟ್ಟಿಯಲ್ಲಿನ ಸ್ಥಾನವನ್ನು ಅವಲಂಬಿಸಿದೆ. ಸಂಸ್ಥೆ ಬದಲಾಯಿಸಿದರೆ ಪೈಲಟ್ ಹೊಸ ಪಟ್ಟಿಯ ತಳದಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಆದುದರಿಂದ ಹಾರಾಟಗಳು ಹೊರಗುತ್ತಿಗೆಗೆ ಹೋದರೆ ಪಟ್ಟಿಯ ಕೆಳಭಾಗದಲ್ಲಿರುವವರ ಬಡ್ತಿ ನಿಲ್ಲುತ್ತದೆ. ಅನೇಕ ವೇಳೆ ಉದ್ಯೋಗವೇ ಹೋಗುತ್ತದೆ. ಈ ಭಯವೇ ಸ್ಕೋಪ್ ಷರತ್ತಿನ ಮೂಲ.

ಷರತ್ತಿನ ಸ್ವರೂಪ

ಸಂಸ್ಥೆಯ ಎಲ್ಲ ಹಾರಾಟಗಳನ್ನೂ ಅದರ ಜ್ಯೇಷ್ಠತಾ ಪಟ್ಟಿಯಲ್ಲಿರುವ ಪೈಲಟ್‌ಗಳೇ ನಡೆಸತಕ್ಕದ್ದು ಎಂಬ ಸಾಮಾನ್ಯ ನಿಯಮದಿಂದ ಷರತ್ತು ಆರಂಭವಾಗುತ್ತದೆ. ಅನಂತರ ಅದಕ್ಕೆ ವಿನಾಯಿತಿಗಳನ್ನು ಪಟ್ಟಿ ಮಾಡಲಾಗುತ್ತದೆ. ಪ್ರಾದೇಶಿಕ ಸಂಸ್ಥೆಗಳಿಗೆ ಸಂಬಂಧಿಸಿದ ವಿನಾಯಿತಿಗಳಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಮಿತಿಗಳಿರುತ್ತವೆ:

- ಆಸನ ಮಿತಿ: ಒಂದು ವಿಮಾನದಲ್ಲಿ ಇರಬಹುದಾದ ಗರಿಷ್ಠ ಆಸನಗಳು. ಅಮೆರಿಕದ ಮೂರು ದೊಡ್ಡ ಸಂಸ್ಥೆಗಳಾದ ಅಮೆರಿಕನ್, ಡೆಲ್ಟಾ ಮತ್ತು ಯುನೈಟೆಡ್‌ಗಳಲ್ಲಿ 2010ರ ದಶಕದಿಂದ ಈ ಮಿತಿ 76 ಆಗಿದೆ.
- ತೂಕದ ಮಿತಿ: ನೆಲದಿಂದ ಮೇಲೇರುವಾಗ ವಿಮಾನದ ಗರಿಷ್ಠ ತೂಕ. ಇದು 86,000 ಪೌಂಡ್, ಅಂದರೆ ಸುಮಾರು 39,000 ಕಿಲೋಗ್ರಾಂ. ಆಸನಗಳನ್ನು ಕಡಿಮೆ ಮಾಡಿ ದೊಡ್ಡ ವಿಮಾನವನ್ನು ಒಳತರುವುದನ್ನು ಈ ಮಿತಿ ತಡೆಯುತ್ತದೆ.
- ಸಂಖ್ಯಾ ಮಿತಿ: ಪ್ರತಿಯೊಂದು ಗಾತ್ರದ ವಿಮಾನಗಳು ಒಟ್ಟು ಎಷ್ಟಿರಬಹುದು ಎಂಬುದು. ಕೆಲವು ಒಪ್ಪಂದಗಳಲ್ಲಿ ಇದನ್ನು ಸಂಸ್ಥೆಯ ಸ್ವಂತ ವಿಮಾನಗಳ ಸಂಖ್ಯೆಗೆ ಅನುಪಾತವಾಗಿ ಹೇಳಲಾಗುತ್ತದೆ.

ಇದಲ್ಲದೆ ವಿದೇಶಿ ಸಂಸ್ಥೆಗಳೊಡನೆ ಟಿಕೆಟ್ ಹಂಚಿಕೆ, ಜಂಟಿ ಉದ್ಯಮ, ಸಂಸ್ಥೆಗಳ ವಿಲೀನ ಹಾಗೂ ಮಾರಾಟದ ಸಂದರ್ಭದಲ್ಲಿ ಪೈಲಟ್‌ಗಳ ಹಕ್ಕು ಮುಂತಾದ ವಿಷಯಗಳೂ ಸ್ಕೋಪ್ ಅಧ್ಯಾಯದಲ್ಲಿ ಸೇರಿರುತ್ತವೆ.

ಇತಿಹಾಸ

ಆರಂಭದಲ್ಲಿ ಪ್ರಾದೇಶಿಕ ಸಂಸ್ಥೆಗಳ ಬಳಿ ಇದ್ದವು ಸಣ್ಣ ಪ್ರೊಪೆಲರ್ ವಿಮಾನಗಳು. ಅವು ದೂರದ ಊರುಗಳಿಗೆ ಹಾರಲಾರದ ಕಾರಣ ದೊಡ್ಡ ಸಂಸ್ಥೆಗಳ ಪೈಲಟ್‌ಗಳು ಅವನ್ನು ಪ್ರತಿಸ್ಪರ್ಧಿಗಳೆಂದು ಭಾವಿಸಲಿಲ್ಲ. ಕೆನಡಾದ ಬೊಂಬಾರ್ಡಿಯರ್ ಕಂಪನಿಯ 50 ಆಸನಗಳ ಸಿಆರ್‌ಜೆ ವಿಮಾನ 1992ರಲ್ಲಿ ಸೇವೆಗೆ ಬಂದಿತು. ಬ್ರೆಜಿಲ್ ದೇಶದ ಎಂಬ್ರೇಯರ್ ಕಂಪನಿಯ ಇಆರ್‌ಜೆ 145 ಅಮೆರಿಕದಲ್ಲಿ 1997ರಲ್ಲಿ ಹಾರಾಟ ಆರಂಭಿಸಿತು. ಈ ಜೆಟ್‌ಗಳು ದೊಡ್ಡ ವಿಮಾನಗಳಷ್ಟೇ ವೇಗವಾಗಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಬಲ್ಲವಾದ್ದರಿಂದ ಪರಿಸ್ಥಿತಿ ಬದಲಾಯಿತು.

ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಈ ವಿವಾದ ಮುಷ್ಕರದ ಹಂತ ತಲುಪಿತು. ಪ್ರಾದೇಶಿಕ ಜೆಟ್‌ಗಳನ್ನು ತಮಗೇ ಒಪ್ಪಿಸಬೇಕೆಂಬುದು ಪೈಲಟ್‌ಗಳ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಅವನ್ನು ಅಂಗಸಂಸ್ಥೆಯಾದ ಅಮೆರಿಕನ್ ಈಗಲ್‌ಗೆ ಕೊಡುವುದು ಆಡಳಿತದ ನಿಲುವಾಗಿತ್ತು. 1997ರ ಫೆಬ್ರವರಿ 15ರಂದು ಮುಷ್ಕರ ಆರಂಭವಾಯಿತು. ಆರಂಭವಾದ ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತುರ್ತು ಮಂಡಳಿಯನ್ನು ನೇಮಿಸಿ ಅದನ್ನು ತಡೆದರು. ರೈಲ್ವೆ ಕಾರ್ಮಿಕ ಕಾಯಿದೆ ಅವರಿಗೆ ಈ ಅಧಿಕಾರ ನೀಡಿತ್ತು. 1926ರ ಈ ಕಾಯಿದೆಯನ್ನು 1936ರಲ್ಲಿ ವಿಮಾನಯಾನಕ್ಕೂ ಅನ್ವಯಿಸಲಾಗಿತ್ತು. ಕೊನೆಗೆ ಜೆಟ್‌ಗಳು ಅಂಗಸಂಸ್ಥೆಗೇ ಹೋದವು. ಆದರೆ ಅವುಗಳ ಬಳಕೆಗೆ ಮಿತಿ ವಿಧಿಸಲಾಯಿತು.

ಪ್ರಾದೇಶಿಕ ಪೈಲಟ್‌ಗಳಲ್ಲಿಯೂ ಅಸಮಾಧಾನ ಇತ್ತು. ಡೆಲ್ಟಾ ಒಡೆತನದ ಕೊಮ್ಏರ್ ಸಂಸ್ಥೆಯ ಪೈಲಟ್‌ಗಳು 2001ರ ಮಾರ್ಚ್‌ನಿಂದ 89 ದಿನಗಳ ಕಾಲ ಮುಷ್ಕರ ನಡೆಸಿ ಉತ್ತಮ ವೇತನ ಪಡೆದರು. ಅದೇ ವರ್ಷ ಕೆಲವು ಪ್ರಾದೇಶಿಕ ಪೈಲಟ್‌ಗಳು ತಮ್ಮದೇ ಸಂಘದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ದೊಡ್ಡ ಸಂಸ್ಥೆಯ ಪೈಲಟ್‌ಗಳನ್ನೂ ತಮ್ಮನ್ನೂ ಪ್ರತಿನಿಧಿಸುವ ಸಂಘವು ಸ್ಕೋಪ್ ಮಿತಿಗಳ ಮೂಲಕ ತಮ್ಮ ಬೆಳವಣಿಗೆಗೆ ಅಡ್ಡಿಯಾಗುತ್ತಿದೆ ಎಂಬುದು ಅವರ ದೂರಾಗಿತ್ತು. ಡೆಲ್ಟಾ ಮುಂದೆ 2012ರಲ್ಲಿ ಕೊಮ್ಏರ್ ಸಂಸ್ಥೆಯನ್ನು ಮುಚ್ಚಿತು.

2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ಬಳಿಕ ವಿಮಾನಯಾನ ಉದ್ಯಮ ಭಾರೀ ನಷ್ಟಕ್ಕೆ ಒಳಗಾಯಿತು. ಯುಎಸ್ ಏರ್‌ವೇಸ್ ಮತ್ತು ಯುನೈಟೆಡ್ 2002ರಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ 2005ರಲ್ಲಿ, ಅಮೆರಿಕನ್ 2011ರಲ್ಲಿ ದಿವಾಳಿ ರಕ್ಷಣೆ ಕೋರಿದವು. ಅಮೆರಿಕದ ದಿವಾಳಿ ಕಾನೂನಿನಂತೆ ನ್ಯಾಯಾಲಯದ ಒಪ್ಪಿಗೆ ಪಡೆದು ಕಾರ್ಮಿಕ ಒಪ್ಪಂದವನ್ನೇ ರದ್ದುಪಡಿಸಲು ಸಂಸ್ಥೆಗಳಿಗೆ ಅವಕಾಶವಿದೆ. ಈ ಒತ್ತಡದಲ್ಲಿ ಪೈಲಟ್ ಸಂಘಗಳು ವೇತನ ಕಡಿತಕ್ಕೂ ಸ್ಕೋಪ್ ಸಡಿಲಿಕೆಗೂ ಒಪ್ಪಬೇಕಾಯಿತು. 50 ಇದ್ದ ಆಸನ ಮಿತಿ ಹಂತಹಂತವಾಗಿ 70ಕ್ಕೂ ಅನಂತರ 76ಕ್ಕೂ ಏರಿತು. ಒಂದು ಹಂತದಲ್ಲಿ ಅಮೆರಿಕದ ದೇಶೀಯ ಹಾರಾಟಗಳ ಸುಮಾರು ಅರ್ಧಭಾಗವನ್ನು ಪ್ರಾದೇಶಿಕ ಸಂಸ್ಥೆಗಳೇ ನಡೆಸುತ್ತಿದ್ದವು.

2012ರ ಡೆಲ್ಟಾ ಒಪ್ಪಂದ ಮತ್ತೊಂದು ತಿರುವು. ಇಂಧನದ ಬೆಲೆ ಏರಿದ್ದರಿಂದ 50 ಆಸನಗಳ ಜೆಟ್‌ಗಳು ದುಬಾರಿಯಾಗಿದ್ದವು. ಅವುಗಳ ಸಂಖ್ಯೆಯನ್ನು 125ಕ್ಕೆ ಇಳಿಸಿ, 76 ಆಸನಗಳ ವಿಮಾನಗಳನ್ನು 223ರವರೆಗೆ ಹೆಚ್ಚಿಸಲು ಪೈಲಟ್‌ಗಳು ಒಪ್ಪಿದರು. ಪ್ರತಿಯಾಗಿ ಸಂಸ್ಥೆಯು ತನ್ನ ಸ್ವಂತ ಪೈಲಟ್‌ಗಳು ಹಾರಿಸುವ 88 ಬೋಯಿಂಗ್ 717 ವಿಮಾನಗಳನ್ನು ತರಿಸಿಕೊಂಡಿತು. ಅದೇ ವರ್ಷದ ಯುನೈಟೆಡ್ ಒಪ್ಪಂದವೂ 76 ಆಸನಗಳ ವಿಮಾನಗಳಿಗೆ ದಾರಿ ಮಾಡಿಕೊಟ್ಟಿತು.

ವಿಮಾನಗಳ ವಿನ್ಯಾಸದ ಮೇಲೆ ಪರಿಣಾಮ

ಪ್ರಾದೇಶಿಕ ಜೆಟ್‌ಗಳಿಗೆ ಅಮೆರಿಕವೇ ಬಹುದೊಡ್ಡ ಮಾರುಕಟ್ಟೆ. ಹೀಗಾಗಿ ತಯಾರಕರು ಸ್ಕೋಪ್ ಮಿತಿಗೆ ಹೊಂದುವಂತೆ ವಿಮಾನಗಳನ್ನು ರೂಪಿಸಿದ್ದಾರೆ. ಇಆರ್‌ಜೆ 145ರ ಉದ್ದವನ್ನು ಕಡಿಮೆ ಮಾಡಿ 44 ಆಸನಗಳ ಇಆರ್‌ಜೆ 140 ತಯಾರಿಸಲಾಯಿತು. ನಾರ್ತ್‌ವೆಸ್ಟ್‌ಗಾಗಿ ಸಿಆರ್‌ಜೆ200ರ ಆಸನಗಳನ್ನು 44ಕ್ಕೆ ಇಳಿಸಿ ಸಿಆರ್‌ಜೆ440 ಎಂದು ಹೆಸರಿಡಲಾಯಿತು. ಏರ್ ಕೆನಡಾದ ಒಪ್ಪಂದಕ್ಕೆ ಹೊಂದುವಂತೆ ಸಿಆರ್‌ಜೆ900ರಲ್ಲಿ 75 ಆಸನಗಳನ್ನಷ್ಟೇ ಇರಿಸಿದ ಮಾದರಿಯೇ ಸಿಆರ್‌ಜೆ705. 2019ರಲ್ಲಿ ಯುನೈಟೆಡ್‌ಗಾಗಿ ಬಂದ ಸಿಆರ್‌ಜೆ550 ವಿಮಾನದ ಒಡಲು 70 ಆಸನಗಳ ಸಿಆರ್‌ಜೆ700ರದ್ದು. ಆಸನಗಳು ಮಾತ್ರ 50. ಉಳಿದ ಜಾಗವನ್ನು ಪ್ರಥಮ ದರ್ಜೆಯ ಆಸನಗಳಿಗೂ ಪ್ರಯಾಣಿಕರ ಸಾಮಾನು ಇರಿಸುವ ಕಪಾಟುಗಳಿಗೂ ಬಳಸಲಾಗಿದೆ.

ತೂಕದ ಮಿತಿಯ ಪರಿಣಾಮ ಇನ್ನೂ ತೀವ್ರವಾದುದು. ಎಂಬ್ರೇಯರ್‌ನ ಇ175 ವಿಮಾನ 76 ಆಸನಗಳೊಡನೆ ಮಿತಿಯೊಳಗೆ ಬರುತ್ತದೆ. ಅದರ ಹೊಸ ಪೀಳಿಗೆಯಾದ ಇ175-ಇ2 ಕಡಿಮೆ ಇಂಧನ ಬಳಸುತ್ತದೆ. ಆದರೆ ಅದರ ದೊಡ್ಡ ಎಂಜಿನ್‌ಗಳು ಭಾರವಾದವು. ವಿಮಾನದ ಗರಿಷ್ಠ ತೂಕ 44 ಟನ್ ಮೀರುತ್ತದೆ. 2019ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಹಾರಿದ ಈ ವಿಮಾನದ ಅಭಿವೃದ್ಧಿಯನ್ನು ಸ್ಕೋಪ್ ಮಿತಿ ಸಡಿಲವಾಗದ ಕಾರಣ 2022ರಲ್ಲಿ ಸ್ಥಗಿತಗೊಳಿಸಲಾಯಿತು. ಹಳೆಯ ಮಾದರಿಯ ಇ175 ಮಾತ್ರ ಅಮೆರಿಕದಲ್ಲಿ ಮಾರಾಟವಾಗುತ್ತಲೇ ಇದೆ.

ಜಪಾನಿನ ಮಿತ್ಸುಬಿಷಿ ಕಂಪನಿಯ ಜೆಟ್ ಯೋಜನೆಗೂ ಇದೇ ತೊಡಕು ಎದುರಾಯಿತು. 2015ರ ನವೆಂಬರ್‌ನಲ್ಲಿ ಮೊದಲು ಹಾರಿದ ಅದರ ವಿಮಾನ ಅಮೆರಿಕದ ತೂಕದ ಮಿತಿಯನ್ನು ಮೀರಿತ್ತು. ಮುಂದೆ ಮಿತಿ ಸಡಿಲವಾಗಬಹುದೆಂಬ ನಿರೀಕ್ಷೆ ಈಡೇರಲಿಲ್ಲ. 2019ರಲ್ಲಿ ಕಂಪನಿ ಮಿತಿಗೆ ಒಗ್ಗುವ ಸ್ಪೇಸ್‌ಜೆಟ್ ಎಂ100 ಎಂಬ ಚಿಕ್ಕ ಮಾದರಿಯನ್ನು ಪ್ರಕಟಿಸಿತಾದರೂ, ಅದಾಗಲೇ ಆಗಿದ್ದ ವಿಳಂಬ ಮತ್ತು ಕೋವಿಡ್ ಸಂಕಷ್ಟದ ನಡುವೆ 2020ರಲ್ಲಿ ಕೆಲಸ ನಿಂತು, 2023ರ ಫೆಬ್ರವರಿಯಲ್ಲಿ ಯೋಜನೆ ಪೂರ್ಣವಾಗಿ ರದ್ದಾಯಿತು.

ವಾದ ಮತ್ತು ಪ್ರತಿವಾದ

ಒಂದೇ ಸಂಸ್ಥೆಯ ಹೆಸರಿನಲ್ಲಿ ಒಂದೇ ಬಗೆಯ ಕೆಲಸ ಮಾಡುವವರಿಗೆ ಎರಡು ಬಗೆಯ ವೇತನ ಇರಬಾರದು ಎಂಬುದು ಪೈಲಟ್ ಸಂಘಗಳ ವಾದ. ಮಿತಿ ಇಲ್ಲದಿದ್ದರೆ ಸಂಸ್ಥೆಗಳು ಪ್ರಾದೇಶಿಕ ಗುತ್ತಿಗೆದಾರರನ್ನು ಒಬ್ಬರ ಮೇಲೊಬ್ಬರನ್ನು ಪೈಪೋಟಿಗೆ ಬಿಟ್ಟು ವೇತನವನ್ನು ಕುಗ್ಗಿಸುತ್ತವೆ ಎಂದು ಅವು ಹೇಳುತ್ತವೆ. ದಿವಾಳಿಯ ವರ್ಷಗಳಲ್ಲಿ ದೊಡ್ಡ ಸಂಸ್ಥೆಗಳ ಸಾವಿರಾರು ಪೈಲಟ್‌ಗಳು ಕೆಲಸದಿಂದ ಹೊರಗುಳಿದಿದ್ದಾಗಲೇ ಪ್ರಾದೇಶಿಕ ಜೆಟ್‌ಗಳ ಸಂಖ್ಯೆ ಏರುತ್ತಿದ್ದುದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಆಡಳಿತ ವರ್ಗದ ವಾದ ಬೇರೆ. ಪ್ರಯಾಣಿಕರು ಕಡಿಮೆ ಇರುವ ಮಾರ್ಗಗಳಲ್ಲಿ ದೊಡ್ಡ ಸಂಸ್ಥೆಯ ವೇತನ ತೆತ್ತು ಹಾರಾಟ ನಡೆಸಿದರೆ ನಷ್ಟವಾಗುತ್ತದೆ. ಸಣ್ಣ ಊರುಗಳ ಸೇವೆ ಉಳಿಯಬೇಕಾದರೆ ಹೊರಗುತ್ತಿಗೆ ಅನಿವಾರ್ಯ. ಹೊಸ ಮಾದರಿಯ ಮಿತವ್ಯಯದ ವಿಮಾನಗಳು ಬರದಂತೆ ಈ ಮಿತಿಗಳು ತಡೆಯುತ್ತವೆ ಎಂಬ ಟೀಕೆಯೂ ಇದೆ. ಮಿತಿಯಿಂದಾಗಿ 76ರಿಂದ ಸುಮಾರು 100 ಆಸನಗಳ ನಡುವಿನ ವಿಮಾನಗಳು ಈ ಮೂರು ಸಂಸ್ಥೆಗಳ ಜಾಲದಲ್ಲಿ ವಿರಳವಾಗಿವೆ. ಅದಕ್ಕಿಂತ ದೊಡ್ಡದಾದ ಏರ್‌ಬಸ್ ಎ220 ವಿಮಾನವನ್ನು ಡೆಲ್ಟಾದಲ್ಲಿ ಸಂಸ್ಥೆಯ ಪೈಲಟ್‌ಗಳೇ ಹಾರಿಸುತ್ತಾರೆ.

2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಸಮೀಪ ಕೊಲ್ಗನ್ ಏರ್ ಸಂಸ್ಥೆಯ ವಿಮಾನ ಪತನವಾಗಿ 50 ಮಂದಿ ಮೃತಪಟ್ಟರು. ಹಾರಾಟದ ಟಿಕೆಟ್ ಕಾಂಟಿನೆಂಟಲ್ ಸಂಸ್ಥೆಯ ಹೆಸರಿನಲ್ಲಿತ್ತು. ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯೇ ಅಪಘಾತಕ್ಕೆ ಕಾರಣವೆಂದು ತನಿಖೆ ತೀರ್ಮಾನಿಸಿತಾದರೂ, ಪ್ರಾದೇಶಿಕ ಪೈಲಟ್‌ಗಳ ಅಲ್ಪ ವೇತನ, ಆಯಾಸ ಮತ್ತು ತರಬೇತಿ ಸಾರ್ವಜನಿಕ ಚರ್ಚೆಗೆ ಬಂದವು. ಮೃತರ ಕುಟುಂಬಗಳ ಒತ್ತಾಯದಿಂದ 2010ರಲ್ಲಿ ಹೊಸ ಕಾಯಿದೆ ಬಂದು, ಟಿಕೆಟ್ ಮಾರುವಾಗಲೇ ಹಾರಾಟ ನಡೆಸುವ ನಿಜವಾದ ಸಂಸ್ಥೆಯ ಹೆಸರನ್ನು ತಿಳಿಸುವುದು ಕಡ್ಡಾಯವಾಯಿತು. 2013ರಿಂದ ಸಹಪೈಲಟ್‌ಗಳಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕಾಗುತ್ತದೆ. ಮುಂದೆ ಪೈಲಟ್‌ಗಳ ಕೊರತೆ ತಲೆದೋರಿ 2022ರಲ್ಲಿ ಪ್ರಾದೇಶಿಕ ಸಂಸ್ಥೆಗಳ ವೇತನ ಗಣನೀಯವಾಗಿ ಏರಿತು. ಇದರಿಂದ ಹೊರಗುತ್ತಿಗೆಯ ಮೂಲ ಆಕರ್ಷಣೆಯಾಗಿದ್ದ ವೇತನದ ಅಂತರ ಕಿರಿದಾಯಿತು.

ಇತರ ದೇಶಗಳಲ್ಲಿ

ಫ್ರಾನ್ಸ್‌ನಲ್ಲಿ ಏರ್ ಫ್ರಾನ್ಸ್ ಪೈಲಟ್‌ಗಳ ಒಪ್ಪಂದವು ಅಗ್ಗದ ದರದ ಅಂಗಸಂಸ್ಥೆ ಟ್ರಾನ್ಸಾವಿಯಾ ಫ್ರಾನ್ಸ್‌ನ ವಿಮಾನಗಳ ಸಂಖ್ಯೆಗೆ ಮಿತಿ ಹಾಕಿತ್ತು. ಟ್ರಾನ್ಸಾವಿಯಾವನ್ನು ಯುರೋಪಿನ ಇತರ ದೇಶಗಳಿಗೆ ವಿಸ್ತರಿಸುವ ಯೋಜನೆಯ ವಿರುದ್ಧ 2014ರ ಸೆಪ್ಟೆಂಬರ್‌ನಲ್ಲಿ ಪೈಲಟ್‌ಗಳು ಎರಡು ವಾರ ಮುಷ್ಕರ ಹೂಡಿದರು, ಯೋಜನೆಯನ್ನು ಕೈಬಿಡಲಾಯಿತು. 2019ರಲ್ಲಿ ಮಾತುಕತೆಯ ಮೂಲಕ 40 ವಿಮಾನಗಳ ಮಿತಿಯನ್ನು ತೆಗೆಯಲಾಯಿತು.

ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ಹೆಸರಿನ ಹಾರಾಟಗಳನ್ನು ಕ್ವಾಂಟಾಸ್ ಷರತ್ತುಗಳಡಿಯಲ್ಲಿರುವ ಪೈಲಟ್‌ಗಳೇ ನಡೆಸಬೇಕೆಂಬ ಬೇಡಿಕೆಯು 2011ರ ಕಾರ್ಮಿಕ ವಿವಾದದ ಒಂದು ಅಂಶವಾಗಿತ್ತು. ಅಕ್ಟೋಬರ್ 29ರಂದು ಸಂಸ್ಥೆಯ ಮುಖ್ಯಸ್ಥ ಅಲನ್ ಜಾಯ್ಸ್ ಎಲ್ಲ ವಿಮಾನಗಳ ಹಾರಾಟವನ್ನೇ ನಿಲ್ಲಿಸಿದರು. ಎರಡು ದಿನಗಳಲ್ಲಿ ಕಾರ್ಮಿಕ ನ್ಯಾಯಮಂಡಳಿ ಮಧ್ಯಪ್ರವೇಶಿಸಿ ವಿವಾದದ ಎಲ್ಲ ಪಕ್ಷಗಳ ಕ್ರಮಗಳಿಗೂ ತಡೆ ಹಾಕಿತು.

ಕರ್ನಾಟಕದಲ್ಲಿ ಪ್ರಾದೇಶಿಕ ಜೆಟ್‌ಗಳು

ಈ ಲೇಖನದಲ್ಲಿ ಪ್ರಸ್ತಾಪಿಸಿದ ವಿಮಾನಗಳಲ್ಲಿ ಕೆಲವು ಕರ್ನಾಟಕದಲ್ಲಿಯೂ ಹಾರುತ್ತವೆ. 2019ರಲ್ಲಿ ಸೇವೆ ಆರಂಭಿಸಿದ ಸ್ಟಾರ್ ಏರ್ ಸಂಸ್ಥೆಯು ಬೆಂಗಳೂರು ಮತ್ತು ಹುಬ್ಬಳ್ಳಿ ನಡುವೆ 50 ಆಸನಗಳ ಇಆರ್‌ಜೆ 145 ವಿಮಾನಗಳನ್ನು ಬಳಸಿತು. 2023ರಲ್ಲಿ 76 ಆಸನಗಳ ಇ175 ವಿಮಾನಗಳನ್ನು ಸೇರಿಸಿಕೊಂಡಿತು. ಆದರೆ ಈ ಸಂಸ್ಥೆ ದೊಡ್ಡ ಸಂಸ್ಥೆಯೊಂದರ ಗುತ್ತಿಗೆದಾರನಾಗಿ ಅಲ್ಲ, ತನ್ನದೇ ಹೆಸರಿನಲ್ಲಿ ಟಿಕೆಟ್ ಮಾರಿ ಹಾರಾಟ ನಡೆಸುತ್ತದೆ. ಅಮೆರಿಕದ ಪ್ರಾದೇಶಿಕ ವ್ಯವಸ್ಥೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಆಗಿದೆ.