ಲ್ಯಾಬ್ ಕೋಟು: ಅಳತೆ ಸರಿಯಿದ್ದರೆ ಮಾತ್ರ ರಕ್ಷಣೆ

ಪ್ಲಸ್ ಟು ಮುಗಿಸಿ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ, ಬಿಎಸ್ಸಿ ಎಂದು ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯಿಂದ ತಲಪಾಡಿ ದಾಟಿ ಮಂಗಳೂರು, ದೇರಳಕಟ್ಟೆಯ ಕಾಲೇಜುಗಳಿಗೆ ಹೋಗುವ ಮಕ್ಕಳು ಬಹಳ. ಅವರ ಮೊದಲ ಖರೀದಿಗಳಲ್ಲಿ ಬಿಳಿ ಕೋಟೂ ಒಂದು. ಮೆಡಿಕಲ್ ವಿದ್ಯಾರ್ಥಿಗಳ ಬಾಯಲ್ಲಿ ಅದು 'ಏಪ್ರನ್'. ಅಂಗಡಿಯಲ್ಲಿ ಉಮ್ಮಂದಿರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಒಂದು ಸೈಜ್ ದೊಡ್ಡದೇ ಇರಲಿ, ಮೂರು ವರ್ಷ ಬರಬೇಕಲ್ಲ."

ಶಾಲೆಯ ಯೂನಿಫಾರ್ಮಿಗೆ ಈ ಲೆಕ್ಕ ಸರಿ. ಲ್ಯಾಬ್ ಕೋಟಿಗೆ ಸರಿಯಲ್ಲ. ದೊಡ್ಡ ಕೋಟಿನ ತೋಳು ಬರ್ನರಿನ ಬೆಂಕಿಗೆ ತಾಗುತ್ತದೆ, ಬೀಕರನ್ನು ಉರುಳಿಸುತ್ತದೆ. ಚಿಕ್ಕ ಕೋಟಿನ ಬಟನ್ ಹಾಕಲಾಗದೆ ಮುಂಭಾಗ ತೆರೆದೇ ಉಳಿಯುತ್ತದೆ. ಎರಡರಲ್ಲೂ ಕೋಟು ಇದ್ದೂ ಇಲ್ಲದಂತೆ.

ಕೋಟು ಯಾಕೆ ಬೇಕು?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಲ್ಯಾಬಿನಲ್ಲಿ 2008ರ ಡಿಸೆಂಬರ್ 29ರಂದು ನಡೆದ ಅವಘಡವನ್ನು ಸುರಕ್ಷತೆಯ ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ. 23 ವರ್ಷದ ಸಂಶೋಧನಾ ಸಹಾಯಕಿ ಶೆಹರ್‌ಬಾನೋ ಸಾಂಗ್ಜಿ, ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುವ ರಾಸಾಯನಿಕವೊಂದನ್ನು ಸಿರಿಂಜಿನಲ್ಲಿ ಎಳೆದುಕೊಳ್ಳುತ್ತಿದ್ದರು. ಸಿರಿಂಜಿನ ಪ್ಲಂಜರ್ ಕಳಚಿತು, ದ್ರವ ಚೆಲ್ಲಿ ಬೆಂಕಿ ಹತ್ತಿತು. ಅವರು ತೊಟ್ಟಿದ್ದದ್ದು ಸಿಂಥೆಟಿಕ್ ಸ್ವೆಟರ್. ಮೈಮೇಲೆ ಲ್ಯಾಬ್ ಕೋಟು ಇರಲಿಲ್ಲ. 18 ದಿನಗಳ ನಂತರ, 2009ರ ಜನವರಿ 16ರಂದು ಅವರು ತೀರಿಕೊಂಡರು.

ಲ್ಯಾಬ್ ಕೋಟಿಗೆ ಎರಡು ಕೆಲಸ. ಚೆಲ್ಲಿದ ದ್ರವ, ಸಿಡಿದ ಕಿಡಿ ಮೈಗೆ ತಾಗದಂತೆ ತಡೆಯುವುದು ಒಂದು. ತಾಗಿದರೆ ಕ್ಷಣದಲ್ಲಿ ಕಳಚಿ ಎಸೆಯಲು ಆಗುವುದು ಇನ್ನೊಂದು. ಅಳತೆ, ಬಟನ್, ಬಟ್ಟೆ ಎಲ್ಲವನ್ನೂ ಈ ಎರಡಕ್ಕೆ ಹೊಂದಿಸಿಯೇ ನೋಡಬೇಕು.

ಅಳತೆ ತೆಗೆಯುವುದು ಹೇಗೆ?

ಅಳತೆ ತೆಗೆಯುವಾಗ ಲ್ಯಾಬಿಗೆ ಹಾಕಿಕೊಂಡು ಹೋಗುವ ಬಟ್ಟೆಯೇ ಮೈಮೇಲಿರಲಿ. ಕೋಟು ಬರುವುದು ಚೂಡಿದಾರದ ಮೇಲೆ, ಶರ್ಟಿನ ಮೇಲೆ. ಬರೀ ಮೈ ಅಳತೆಗೆ ಕೊಂಡರೆ ಬಿಗಿಯಾಗುತ್ತದೆ.

1. ಎದೆ: ಕಂಕುಳ ಕೆಳಗೆ, ಎದೆಯ ಅಗಲವಾದ ಭಾಗದಲ್ಲಿ ಟೇಪು ಸುತ್ತಿ. ಬಂದ ಅಳತೆಗೆ 4 ಇಂಚು ಸೇರಿಸಿದರೆ ಕೋಟಿನ ಎದೆ ಸುತ್ತಳತೆ ಸಿಗುತ್ತದೆ.

2. ಸೊಂಟದ ಕೆಳಗಿನ ಸುತ್ತಳತೆ: ಹುಡುಗಿಯರು ಇದನ್ನು ಮರೆಯಬಾರದು. ಗಂಡಸರ ಅಳತೆಗೆ ಹೊಲಿದ ಕೋಟುಗಳನ್ನೇ ಎಲ್ಲರಿಗೂ ಮಾರುವುದುಂಟು. ಅಂಥ ಕೋಟು ಎದೆಗೆ ಸರಿಯಾದರೂ ಕೆಳಗಿನ ಬಟನ್ ಹಾಕಲಾಗುವುದಿಲ್ಲ. ಉದಾಹರಣೆಗೆ ಎದೆ 36, ಕೆಳಗಿನ ಸುತ್ತಳತೆ 40 ಇಂಚು ಇದ್ದರೆ, ಕೋಟಿಗೆ ಎದೆಯಲ್ಲಿ 40, ಕೆಳಗೆ 44 ಇಂಚು ಬೇಕು. ರೆಡಿಮೇಡ್ ಕೊಳ್ಳುವಾಗ ದೊಡ್ಡ ಅಳತೆಯನ್ನೇ ನೋಡಿ ಕೊಂಡು, ಭುಜವನ್ನೂ ತೋಳನ್ನೂ ಟೈಲರ್ ಹತ್ತಿರ ಸರಿಮಾಡಿಸಬಹುದು.

3. ಭುಜ: ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು. ತೋಳಿನ ಮೇಲೆ ಜಾರಿ ಬಿದ್ದಿದ್ದರೆ ಕೋಟು ದೊಡ್ಡದು. ಭುಜ ದೊಡ್ಡದಾದರೆ ತೋಳೂ ಉದ್ದವಾಗುತ್ತದೆ.

4. ತೋಳು: ಮೊಣಕೈ ಸ್ವಲ್ಪ ಮಡಚಿ, ಭುಜದ ತುದಿಯಿಂದ ಮೊಣಕೈ ಮೇಲೆ ಹಾದು ಮಣಿಕಟ್ಟಿನ ಮೂಳೆಯವರೆಗೆ ಅಳೆಯಿರಿ. ಕೈ ಚಾಚಿದಾಗಲೂ ಮಣಿಕಟ್ಟು ಮುಚ್ಚಿರಬೇಕು, ಕೈ ಇಳಿಬಿಟ್ಟಾಗ ಅಂಗೈ ಮುಚ್ಚಬಾರದು.

5. ಉದ್ದ: ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಎದ್ದು ಕಾಣುವ ಮೂಳೆಯಿಂದ ಮೊಣಕಾಲಿನವರೆಗೆ ಅಳೆಯಿರಿ. ಸ್ಟೂಲಿನ ಮೇಲೆ ಕುಳಿತಾಗ ತೊಡೆ ಮುಚ್ಚಿರಬೇಕು. ಸೊಂಟದವರೆಗಿನ ಗಿಡ್ಡ ಕೋಟು ನೋಡಲು ಚೆಂದ, ಆದರೆ ಮೇಜಿನಿಂದ ಹರಿದ ಆಸಿಡ್ ಬೀಳುವುದು ತೊಡೆಯ ಮೇಲೆಯೇ.

ಲೇಬಲ್ ನಂಬಿ ಕೊಳ್ಳಬಾರದು

ಕಾಲರಿನಲ್ಲಿ '40' ಎಂದು ಬರೆದಿದ್ದರೆ ಒಬ್ಬ ತಯಾರಕನ ಲೆಕ್ಕದಲ್ಲಿ ಅದು 40 ಇಂಚಿನ ಎದೆಯವರಿಗೆ ಎಂದು, ಇನ್ನೊಬ್ಬನಲ್ಲಿ ಕೋಟೇ 40 ಇಂಚು ಎಂದು. ಎಸ್, ಎಂ, ಎಲ್ ಅಂತೂ ಕಂಪೆನಿಗೊಂದು ಥರ. ಇದಕ್ಕೆ ಸುಲಭದ ಉಪಾಯವಿದೆ. ಬಟನ್ ಹಾಕಿ ಕೋಟನ್ನು ಮೇಜಿನ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿದರೆ ಕೋಟಿನ ನಿಜವಾದ ಸುತ್ತಳತೆ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವವರು ಈ ಅಳತೆಯನ್ನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಶುದ್ಧ ಹತ್ತಿಯ ಬಟ್ಟೆ ಒಗೆದ ಮೇಲೆ ಕುಗ್ಗುತ್ತದೆ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ 40 ಇಂಚಿನ ಕೋಟು ಒಂದೂವರೆ ಇಂಚು ಗಿಡ್ಡವಾಗುತ್ತದೆ. ಟೈಲರ್ ಹತ್ತಿರ ಹೊಲಿಸುವುದಾದರೆ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಕೊಡಬೇಕು. ರೆಡಿಮೇಡ್ ಆದರೆ ಒಂದು ಸಲ ಒಗೆದ ಮೇಲೆಯೇ ತೋಳು, ಕೆಳಮಡಿಕೆ ಸರಿಮಾಡಿಸಿ.

ಬಟನ್, ತೋಳಿನ ತುದಿ, ಬಟ್ಟೆ

ಬಟನ್: ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಟಿಚ್ ಬಟನ್ ಎಲ್ಲಕ್ಕಿಂತ ಒಳ್ಳೆಯದು. ಕೋಟಿಗೆ ಬೆಂಕಿ ಹತ್ತಿದಾಗ, ಆಸಿಡ್ ಬಿದ್ದಾಗ ಐದಾರು ಬಟನ್ ಒಂದೊಂದಾಗಿ ಬಿಚ್ಚುವಷ್ಟು ಸಮಯ ಇರುವುದಿಲ್ಲ.

ತೋಳಿನ ತುದಿ: ಮಣಿಕಟ್ಟಿಗೆ ಕೂರುವ ಹೆಣೆದ ಪಟ್ಟಿ ಅಥವಾ ಎಲಾಸ್ಟಿಕ್ ಇದ್ದರೆ ಗ್ಲೌಸನ್ನು ಅದರ ಮೇಲೆ ಎಳೆದುಕೊಳ್ಳಬಹುದು, ನಡುವೆ ಚರ್ಮ ಕಾಣುವುದಿಲ್ಲ. ತೋಳು ಮಡಚಿ ಮೇಲೇರಿಸುವುದು ಪರಿಹಾರವಲ್ಲ. ಮಡಿಕೆಯಲ್ಲಿ ದ್ರವ ನಿಲ್ಲುತ್ತದೆ, ಮುಂಗೈ ಬರಿದಾಗುತ್ತದೆ.

ಬಟ್ಟೆ: ಟೆರಿಕಾಟನ್ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಮಳೆಗಾಲಕ್ಕೆ ಅನುಕೂಲ. ಆದರೆ ಅದರಲ್ಲಿರುವ ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಬರ್ನರ್, ಸ್ಪಿರಿಟ್ ಬಳಸುವ ಕೆಮಿಸ್ಟ್ರಿ ಲ್ಯಾಬಿಗೆ ಶುದ್ಧ ಹತ್ತಿ, ಬೆಂಕಿ ಇಲ್ಲದ ಕಡೆಗೆ ಟೆರಿಕಾಟನ್ ಸಾಕು. ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕಗಳ ಜೊತೆ ಕೆಲಸ ಮಾಡುವ ಸಂಶೋಧಕರಿಗೆ ನೋಮೆಕ್ಸ್‌ನಂಥ ಬೆಂಕಿ ತಡೆಯುವ ಬಟ್ಟೆಯೇ ಬೇಕು.

ಕತ್ತು: ಕೋಟ್ ಕಾಲರ್ ಇರುವ ಮಾದರಿಯಲ್ಲಿ ಎದೆಯ ಮೇಲ್ಭಾಗ ತೆರೆದಿರುತ್ತದೆ. ಆಸಿಡ್ ಕೆಲಸಕ್ಕೆ ಕತ್ತಿನವರೆಗೆ ಮುಚ್ಚುವ ಮಾದರಿ ಉತ್ತಮ.

ಶಿರವಸ್ತ್ರ, ವೇಲು ಧರಿಸುವವರಿಗೆ

ಸ್ಕಾರ್ಫಿನ ತುದಿಗಳು ಕೋಟಿನ ಒಳಗೇ ಇರಬೇಕು, ಬಗ್ಗಿದಾಗ ಹೊರಗೆ ಜಾರಬಾರದು. ಇದಕ್ಕಾಗಿ ಕತ್ತಿನ ಬಳಿ ಸ್ವಲ್ಪ ಜಾಗ ಬೇಕಾಗುತ್ತದೆ. ಆದ್ದರಿಂದ ಸ್ಕಾರ್ಫ್ ಕಟ್ಟಿಕೊಂಡೇ ಕೋಟು ಹಾಕಿ ನೋಡಬೇಕು. ಲ್ಯಾಬಿಗೆ ಶಿಫಾನ್, ಜಾರ್ಜೆಟ್ ಬೇಡ, ಹತ್ತಿಯದೇ ಆಗಲಿ. ಚೂಡಿದಾರದ ವೇಲನ್ನು ಕೋಟಿನ ಒಳಗೆ ಸೇರಿಸಿ ಅಥವಾ ಹೊರಗೇ ತೆಗೆದಿಟ್ಟು ಬನ್ನಿ. ಒಳಗಿನ ಬಟ್ಟೆಯ ಅಗಲ ತೋಳು ಕೋಟಿನ ತೋಳಿನಿಂದ ಹೊರಗೆ ಇಣುಕಬಾರದು.

ಪೂರ್ತಿ ತೋಳೋ, ಅರ್ಧ ತೋಳೋ?

ಲ್ಯಾಬಿಗೆ ಪೂರ್ತಿ ತೋಳು. ಆಸ್ಪತ್ರೆಯ ವಾರ್ಡಿನ ಮಾತು ಬೇರೆ. ವೈದ್ಯರ ಬಿಳಿ ಕೋಟುಗಳಲ್ಲಿ ಅತಿ ಹೆಚ್ಚು ಸೂಕ್ಷ್ಮಾಣುಗಳು ತೋಳಿನ ತುದಿ ಮತ್ತು ಜೇಬಿನಲ್ಲಿರುತ್ತವೆ ಎಂದು 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ, ರೋಗಿಗಳನ್ನು ನೋಡುವಾಗ ಮೊಣಕೈ ಕೆಳಗೆ ಬಟ್ಟೆ ಇರಬಾರದು ಎಂಬ ಸೂಚನೆ ತಂದಿತು. ವಾರ್ಡಿಗೆ ಅರ್ಧ ತೋಳಿನದ್ದು ಹೇಳುವ ಕಾಲೇಜುಗಳೂ ಇವೆ. ಹಣ ಕೊಡುವ ಮುಂಚೆ ಕಾಲೇಜಿನಲ್ಲಿ ಒಂದು ಮಾತು ಕೇಳಿಕೊಳ್ಳಿ.

ಮನೆಯಲ್ಲೇ ಪರೀಕ್ಷೆ

ಎಲ್ಲ ಬಟನ್ ಹಾಕಿ ಈ ನಾಲ್ಕನ್ನು ಮಾಡಿ ನೋಡಬಹುದು.

- ಎರಡೂ ಕೈ ಮುಂದೆ ಚಾಚಿ ತಬ್ಬಿಕೊಂಡಂತೆ ಮಾಡಿ. ಬೆನ್ನು ಬಿಗಿದರೆ ಚಿಕ್ಕದು.
- ಕುರ್ಚಿಯಲ್ಲಿ ಕುಳಿತುಕೊಳ್ಳಿ. ಬಟನ್‌ಗಳ ನಡುವೆ ಬಾಯಿ ಬಿಟ್ಟರೆ ಚಿಕ್ಕದು.
- ಮೇಜಿನ ಮೇಲೆ ತುಂಬಿದ ನೀರಿನ ಲೋಟ ಇಟ್ಟು, ಅದರ ಆಚೆ ಇರುವ ಪೆನ್ನನ್ನು ಲೋಟದ ಮೇಲಿಂದ ಕೈಚಾಚಿ ಎತ್ತಿ. ತೋಳು ಲೋಟಕ್ಕೆ ತಾಗಿದರೆ ದೊಡ್ಡದು.
- ಕೋಟನ್ನು ಎಳೆದು ಕಳಚಿ. ಎರಡು ಮೂರು ಸೆಕೆಂಡಿನಲ್ಲಿ ಮೈಯಿಂದ ಬಿಡಬೇಕು.

ಅಕ್ಕನ ಕೋಟು ತಂಗಿಗೆ, ಸೀನಿಯರ್ ಕೋಟು ಜೂನಿಯರಿಗೆ ಬರುವುದು ಸಾಮಾನ್ಯ. ಅದರಲ್ಲಿ ತಪ್ಪೇನಿಲ್ಲ. ಈಗಾಗಲೇ ದೊಡ್ಡದು ಕೊಂಡವರೂ ಹೊಸದು ಕೊಳ್ಳಬೇಕೆಂದಿಲ್ಲ. ತೋಳು ಗಿಡ್ಡ ಮಾಡಿಸಿ, ತುದಿಗೆ ಎಲಾಸ್ಟಿಕ್ ಹಾಕಿಸಿದರೆ ಅರ್ಧ ಅಪಾಯ ಕಡಿಮೆಯಾಗುತ್ತದೆ. ಅದು ಊರಿನ ಯಾವ ಟೈಲರ್ ಬೇಕಾದರೂ ಮಾಡಿಕೊಡುವ ಕೆಲಸ. ಚಿಕ್ಕದಾದ ಕೋಟಿಗೆ ಮಾತ್ರ ಇಂಥ ದಾರಿ ಇಲ್ಲ, ಅದನ್ನು ಬದಲಿಸಲೇಬೇಕು.

ಲ್ಯಾಬ್ ಮುಗಿದ ಮೇಲೆ ಕೋಟು ಕಳಚಿ ಬೇರೆ ಚೀಲದಲ್ಲಿಡಿ. ಕ್ಯಾಂಟೀನಿಗೆ, ಬಸ್ಸಿಗೆ ಅದನ್ನು ಹಾಕಿಕೊಂಡು ಹೋಗಬಾರದು. ಮನೆಯವರ ಬಟ್ಟೆಯೊಂದಿಗೆ ಒಗೆಯುವುದೂ ಬೇಡ.