ಹಳೆಯ ಕೊಳವೆ ಬಿಡಿಸುವವರ ಚರಿತ್ರೆ

ಹಬೆಯಂತ್ರದ ಚರಿತ್ರೆಯನ್ನು ನಾವು ಜೇಮ್ಸ್ ವಾಟ್‌ನಿಂದ ಆರಂಭಿಸಿ ರೈಲಿನವರೆಗೆ ತಂದು ನಿಲ್ಲಿಸುತ್ತೇವೆ. ಯಂತ್ರ ಕಟ್ಟಿದವರ ಹೆಸರು ಪಠ್ಯಪುಸ್ತಕದಲ್ಲಿರುತ್ತದೆ. ಅದು ಕೆಟ್ಟಾಗ ಬಿಚ್ಚಿದವರ ಕೆಲಸ ಅಲ್ಲಿ ಸಿಗುವುದಿಲ್ಲ. ಆದರೆ ಬಾಯ್ಲರಿನ ಸುತ್ತ ದುಡಿಯುವವರ ಜೀವ ಈ ಎರಡನೆಯ ಕೆಲಸವನ್ನೂ ನೆಚ್ಚಿಕೊಂಡಿದೆ. ಹಬೆಯ ಹಡಗೊಂದರ ನೆಲೆಯಾದ ಕಾರವಾರದಲ್ಲಿ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಇಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ತೀರ ಬಿಟ್ಟು ಹೊರಟವು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದು ಸೇರಿತು.

ಈ ಹಡಗಿನ ಪೂರ್ವಕಥೆಯಲ್ಲಿ ಬಾಯ್ಲರುಗಳದೇ ದೊಡ್ಡ ಪಾತ್ರ. 1987ರಲ್ಲಿ ‘ಬಾಕು’ ಎಂಬ ಹೆಸರಿನಿಂದ ಸೋವಿಯತ್ ನೌಕಾಪಡೆ ಸೇರಿದ ಇದನ್ನು ನಡೆಸುವುದು 8 ಬಾಯ್ಲರುಗಳ ಹಬೆ. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಗಿ ಹಡಗು ದುರಸ್ತಿಗೆ ನಿಂತಿತು. ಭಾರತ ಕೊಂಡ ಮೇಲೆ, 2012ರ ಸಮುದ್ರ ಪರೀಕ್ಷೆಯಲ್ಲಿ ಬಾಯ್ಲರುಗಳ ಒಳಗಿನ ಉಷ್ಣನಿರೋಧಕ ಇಟ್ಟಿಗೆ ಕೈಕೊಟ್ಟಿತು. ಕಲ್ನಾರು ಬೇಡವೆಂದು ಭಾರತ ಹೇಳಿದ್ದರಿಂದ ಹೀಗಾಯಿತು ಎಂಬುದು ರಷ್ಯನ್ನರ ವಾದ. ಹಡಗು ಕೈಸೇರುವಾಗ 2013ರ ನವೆಂಬರ್ ಬಂದಿತ್ತು. ತಡವಾದದ್ದು ನಿಜ. ಆದರೆ ಕಲ್ನಾರಿನ ಧೂಳು ಶ್ವಾಸಕೋಶ ತಿನ್ನುತ್ತದೆ. ಹತ್ತಿಪ್ಪತ್ತು ವರ್ಷಗಳ ಮೇಲೆ ಅದನ್ನು ಕೆತ್ತಿ ತೆಗೆಯುವವನೂ ಅದನ್ನೇ ಉಸಿರಾಡಬೇಕು. ಕಲ್ನಾರು ಬೇಡವೆಂದರೆ ಮುಂದೆಂದೋ ದುರಸ್ತಿಗೆ ಬರುವವನ ಪರವಾಗಿ ಮಾತಾಡಿದಂತೆ.

ದುರಸ್ತಿಯವನ ಕೆಲಸ ಎಂಥದು? ಹಡಗಿನ ಬಾಯ್ಲರಿನಲ್ಲಿ ಸಾಮಾನ್ಯವಾಗಿ ಕೊಳವೆಯ ಒಳಗೆ ನೀರು, ಹೊರಗೆ ಬೆಂಕಿ. ನೀರಿನ ಲವಣ ಒಳಗೆ ಪದರಗಟ್ಟಿದರೆ ಶಾಖ ನೀರಿಗೆ ದಾಟದೆ ಲೋಹವೇ ಕಾದು ಉಬ್ಬುತ್ತದೆ, ಕೊನೆಗೆ ಸೀಳುತ್ತದೆ. ಹಿಂದೆ ಕೊಳವೆಯ ತುದಿಯನ್ನು ರಂಧ್ರದೊಳಗೆ ಹಿಗ್ಗಿಸಿ ಬಿಗಿಮಾಡುತ್ತಿದ್ದರು. ಉಳಿಯಿಂದ ಸೀಳಿ ಒಳಕ್ಕೆ ಮಡಚಿದರೆ ಅದು ಕಳಚಿ ಬರುತ್ತಿತ್ತು. ವೆಲ್ಡಿಂಗ್ ಬಂದ ಮೇಲೆ ಸೋರಿಕೆ ತಗ್ಗಿತು, ಬಿಡಿಸುವ ಕಷ್ಟ ಹೆಚ್ಚಿತು. ಈಗ ಕೊಳವೆಯನ್ನು ಬುಡದಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೋಟನ್ನೂ ಬೆಸುಗೆಯನ್ನೂ ಸ್ವಲ್ಪಸ್ವಲ್ಪವೇ ಉಜ್ಜಿ ತೆಗೆಯಬೇಕು. ಅವಸರದಲ್ಲಿ ಗ್ರೈಂಡರ್ ಡ್ರಮ್ಮಿನ ಗೋಡೆಯನ್ನು ಕಚ್ಚಿದರೆ, ಗ್ಯಾಸ್ ಜ್ವಾಲೆ ಅದನ್ನು ಅತಿಯಾಗಿ ಕಾಯಿಸಿದರೆ, ಹೊಸ ಕೊಳವೆ ಎಷ್ಟೇ ಚೆನ್ನಾಗಿದ್ದರೂ ಕೂರುವ ಜಾಗವೇ ದುರ್ಬಲ. ಕೊಳವೆ ಬದಲಿಸಬಹುದು, ಡ್ರಮ್ಮನ್ನು ಅಷ್ಟು ಸುಲಭವಾಗಿ ಬದಲಿಸಲಾಗದು. ಅದಕ್ಕೇ ಬಣ್ಣದ ದ್ರವ ಸವರಿ ಕೂದಲೆಳೆಯ ಬಿರುಕನ್ನೂ ಹುಡುಕುತ್ತಾರೆ. ಹೊಸ ಕೊಳವೆ ಬೆಸೆದ ಮೇಲೆ ತಣ್ಣೀರು ತುಂಬಿ, ಒತ್ತಡ ಏರಿಸಿ ಪರೀಕ್ಷಿಸುತ್ತಾರೆ.

ಈ ಎಚ್ಚರವನ್ನು ನಮ್ಮ ದೇಶ ಸಾವುಗಳಿಂದ ಕಲಿತಿದೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಪ್ರಾಂತಕ್ಕೊಂದರಂತಿದ್ದ ಕಾನೂನುಗಳನ್ನು 1923ರ ಬಾಯ್ಲರ್ ಕಾಯ್ದೆ ಒಂದುಗೂಡಿಸಿತು. ಮುಖ್ಯ ನಿರೀಕ್ಷಕರ ಒಪ್ಪಿಗೆಯಿಲ್ಲದೆ ಬಾಯ್ಲರಿನ ರಚನೆಯನ್ನು ಬದಲಿಸುವಂತಿಲ್ಲ ಎಂದಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. 1923ರ ಕಾಯ್ದೆ ನೌಕಾಪಡೆಯ ಬಾಯ್ಲರುಗಳಿಗೆ ಅನ್ವಯಿಸುತ್ತಿರಲಿಲ್ಲ. ಲೋಹಕ್ಕೆ ಮಾತ್ರ ಅಂಥ ವಿನಾಯಿತಿ ಇಲ್ಲ.

2022ರಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತ್ ಓಡುವುದು ಗ್ಯಾಸ್ ಟರ್ಬೈನಿನಿಂದ. ಯುದ್ಧನೌಕೆಗಳಲ್ಲಿ ಹಬೆಯ ಕಾಲ ಮುಗಿಯುತ್ತ ಬಂದಿದೆ. ಹಡಗುಗಳು ನಾಳೆ ಮ್ಯೂಸಿಯಮ್ಮಿಗೋ ಗುಜರಿಗೋ ಹೋಗಬಹುದು. ಗೋಡೆಗೆ ಪೆಟ್ಟಾಗದಂತೆ ಬೆಸುಗೆ ಬಿಡಿಸುವ ಕೈಯಳತೆ ಯಾವ ಮ್ಯೂಸಿಯಮ್ಮಿನಲ್ಲೂ ಉಳಿಯದು. ಕರಾವಳಿಯ ಚರಿತ್ರೆ ಬರೆಯುವವರು ಬಂದರಿನ ಒಪ್ಪಂದಗಳನ್ನೂ ಎದ್ದು ಹೋದ ಊರುಗಳನ್ನೂ ದಾಖಲಿಸುವಂತೆ, ಆ ಕೈಗಳನ್ನು ಮಾತಾಡಿಸಿ ಬರೆದಿಡಬೇಕು. ಅವರು ಇರುವಾಗಲೇ ಆಗಬೇಕಾದ ಕೆಲಸ ಇದು.