ಷೇರುಪೇಟೆಯ ಅತಿರೇಕಗಳನ್ನು ಗುರುತಿಸಲು ಮಾರುಕಟ್ಟೆ ಹರವಿನ ಸೂಚಕಗಳು

ಪೀಠಿಕೆ

ಷೇರುಪೇಟೆಯ ದಿನದ ಸ್ಥಿತಿಯನ್ನು ಸಾಮಾನ್ಯವಾಗಿ ಸೆನ್ಸೆಕ್ಸ್ ಅಥವಾ ನಿಫ್ಟಿ ಸೂಚ್ಯಂಕದ ಮೂಲಕ ತಿಳಿಯಲಾಗುತ್ತದೆ. ಸೆನ್ಸೆಕ್ಸ್‌ನಲ್ಲಿ 30 ಹಾಗೂ ನಿಫ್ಟಿಯಲ್ಲಿ 50 ಕಂಪನಿಗಳ ಷೇರುಗಳಿವೆ. ಆದರೆ ಮುಂಬಯಿ ಷೇರು ವಿನಿಮಯ ಕೇಂದ್ರವೊಂದರಲ್ಲೇ ನೋಂದಾಯಿತ ಕಂಪನಿಗಳ ಸಂಖ್ಯೆ 5,000ವನ್ನು ಮೀರಿದೆ. ಅಲ್ಲದೆ, ಈ ಸೂಚ್ಯಂಕಗಳಲ್ಲಿ ಎಲ್ಲ ಕಂಪನಿಗಳಿಗೂ ಸಮಾನ ಸ್ಥಾನವಿಲ್ಲ. ಸಾರ್ವಜನಿಕರ ಕೈಯಲ್ಲಿರುವ ಷೇರುಗಳ ಒಟ್ಟು ಮೌಲ್ಯಕ್ಕೆ ಅನುಗುಣವಾಗಿ ತೂಕವನ್ನು ನೀಡಲಾಗುವುದರಿಂದ, ನಿಫ್ಟಿಯ ಅರ್ಧಕ್ಕಿಂತ ಹೆಚ್ಚು ತೂಕ ಮೊದಲ ಹತ್ತು ಕಂಪನಿಗಳಲ್ಲೇ ಅಡಕವಾಗಿರುತ್ತದೆ. ಆದ್ದರಿಂದ ಕೆಲವೇ ದೊಡ್ಡ ಷೇರುಗಳು ಏರಿದರೂ ಸೂಚ್ಯಂಕ ಏರುತ್ತದೆ. ಉಳಿದ ನೂರಾರು ಷೇರುಗಳ ಕುಸಿತ ಅದರಲ್ಲಿ ಕಾಣಿಸದೆ ಹೋಗಬಹುದು. ಈ ಕೊರತೆಯನ್ನು ನೀಗಿಸುವುದೇ ಹರವಿನ ಸೂಚಕಗಳ ಉದ್ದೇಶ.

ಮಾರುಕಟ್ಟೆಯ ಹರವು ಎಂದರೇನು?

ಪೇಟೆಯ ಏರಿಕೆ ಅಥವಾ ಇಳಿಕೆಯಲ್ಲಿ ಎಷ್ಟು ಷೇರುಗಳು ಪಾಲುಗೊಂಡಿವೆ ಎಂಬುದರ ಅಳತೆಯನ್ನು ಮಾರುಕಟ್ಟೆಯ ಹರವು ಅಥವಾ ಮಾರ್ಕೆಟ್ ಬ್ರೆಡ್ತ್ ಎನ್ನಲಾಗುತ್ತದೆ. ಇಲ್ಲಿ ದೊಡ್ಡ ಕಂಪನಿಗೂ ಸಣ್ಣ ಕಂಪನಿಗೂ ಎಣಿಕೆಯಲ್ಲಿ ಒಂದೇ ಸ್ಥಾನ. ಏರಿದ ಹಾಗೂ ಇಳಿದ ಷೇರುಗಳ ಸಂಖ್ಯೆಯನ್ನು ಷೇರು ವಿನಿಮಯ ಕೇಂದ್ರಗಳು ಪ್ರತಿ ವಹಿವಾಟಿನ ದಿನ ಪ್ರಕಟಿಸುತ್ತವೆ.

ಪ್ರಮುಖ ಸೂಚಕಗಳು

1. ಏರಿಕೆ-ಇಳಿಕೆ ಅನುಪಾತ: ಏರಿದ ಷೇರುಗಳ ಸಂಖ್ಯೆಯನ್ನು ಇಳಿದ ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಇದು ದೊರೆಯುತ್ತದೆ. ಉದಾಹರಣೆಗೆ, 1,200 ಷೇರುಗಳು ಏರಿ 800 ಷೇರುಗಳು ಇಳಿದಿದ್ದರೆ ಅನುಪಾತ 1.5.

2. ಏರಿಕೆ-ಇಳಿಕೆ ರೇಖೆ: ಪ್ರತಿದಿನ ಏರಿದ ಷೇರುಗಳ ಸಂಖ್ಯೆಯಿಂದ ಇಳಿದವುಗಳ ಸಂಖ್ಯೆಯನ್ನು ಕಳೆದು, ಬಂದ ಶೇಷವನ್ನು ಹಿಂದಿನ ದಿನದ ಮೊತ್ತಕ್ಕೆ ಕೂಡಿಸುತ್ತಾ ಹೋಗಬೇಕು. ಮೇಲಿನ ಉದಾಹರಣೆಯಲ್ಲಿ ಅಂದಿನ ಕೊಡುಗೆ 400. ಒಂದು ದಿನದ ಅಂಕಿಗಿಂತ ತಿಂಗಳುಗಳ ಕಾಲ ಈ ರೇಖೆ ಸಾಗುವ ದಿಕ್ಕು ಮುಖ್ಯವಾದುದು.

3. ಹೊಸ ಗರಿಷ್ಠ ಮತ್ತು ಹೊಸ ಕನಿಷ್ಠ: 52 ವಾರಗಳಲ್ಲೇ ಅತಿ ಹೆಚ್ಚಿನ ಬೆಲೆ ತಲುಪಿದ ಷೇರುಗಳನ್ನೂ ಅತಿ ಕಡಿಮೆ ಬೆಲೆಗೆ ಇಳಿದ ಷೇರುಗಳನ್ನೂ ಪ್ರತ್ಯೇಕವಾಗಿ ಎಣಿಸಲಾಗುತ್ತದೆ.

4. 200 ದಿನಗಳ ಸರಾಸರಿಗಿಂತ ಮೇಲಿರುವ ಷೇರುಗಳ ಪ್ರಮಾಣ: ಷೇರೊಂದರ ಹಿಂದಿನ 200 ವಹಿವಾಟಿನ ದಿನಗಳ ಸರಾಸರಿ ಬೆಲೆಗಿಂತ ಇಂದಿನ ಬೆಲೆ ಹೆಚ್ಚಿದೆಯೇ ಎಂದು ನೋಡಲಾಗುತ್ತದೆ. ಈ ಪ್ರಮಾಣ ಶೇಕಡಾ 80ನ್ನು ಮೀರಿದರೆ ಪೇಟೆ ಅತಿಯಾಗಿ ಏರಿದೆಯೆಂದೂ, ಶೇಕಡಾ 20ಕ್ಕಿಂತ ಕೆಳಗಿಳಿದರೆ ಅತಿಯಾಗಿ ಕುಸಿದಿದೆಯೆಂದೂ ಸ್ಥೂಲವಾಗಿ ಪರಿಗಣಿಸುವುದು ರೂಢಿ.

5. ಆರ್ಮ್ಸ್ ಸೂಚಕ: ಇದನ್ನು 1967ರಲ್ಲಿ ಅಮೆರಿಕದ ರಿಚರ್ಡ್ ಆರ್ಮ್ಸ್ ರೂಪಿಸಿದರು. ಏರಿಕೆ-ಇಳಿಕೆ ಅನುಪಾತವನ್ನು, ಏರಿದ ಷೇರುಗಳ ಹಾಗೂ ಇಳಿದ ಷೇರುಗಳ ವಹಿವಾಟು ಪ್ರಮಾಣದ ಅನುಪಾತದಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಏರಿದವುಗಳ ವಹಿವಾಟು 30 ಕೋಟಿ ಷೇರು, ಇಳಿದವುಗಳದು 10 ಕೋಟಿ ಷೇರು ಆಗಿದ್ದರೆ, 1.5ನ್ನು 3ರಿಂದ ಭಾಗಿಸಿದಾಗ 0.5 ಬರುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಕೊಳ್ಳುವವರ ಒತ್ತಡ, ಹೆಚ್ಚಾದರೆ ಮಾರುವವರ ಒತ್ತಡ ಎಂದು ತಿಳಿಯಬೇಕು.

ಶಿಖರದ ಲಕ್ಷಣಗಳು

ಸೂಚ್ಯಂಕ ಹೊಸ ಎತ್ತರಗಳನ್ನು ತಲುಪುತ್ತಿರುವಾಗ ಹೆಚ್ಚಿನ ಷೇರುಗಳು ಅದರೊಂದಿಗೆ ಸಾಗದಿದ್ದರೆ ಅದನ್ನು ಅಪಸರಣ ಎನ್ನಲಾಗುತ್ತದೆ. ಇದು ಎಚ್ಚರಿಕೆಯ ಗಂಟೆ. ಭಾರತದಲ್ಲಿ ಇದಕ್ಕೆ 2018ನೇ ವರ್ಷ ಉತ್ತಮ ನಿದರ್ಶನ. ಅಂದಿನ ಜನವರಿಯಲ್ಲಿ ಮಧ್ಯಮ ಮತ್ತು ಸಣ್ಣ ಕಂಪನಿಗಳ ಸೂಚ್ಯಂಕಗಳು ಶಿಖರ ಮುಟ್ಟಿ ಇಳಿಯತೊಡಗಿದವು. ಆದರೆ ನಿಫ್ಟಿ ಮತ್ತೆ ಚೇತರಿಸಿಕೊಂಡು ಆಗಸ್ಟ್ 28ರಂದು 11,738ರ ಹೊಸ ದಾಖಲೆ ಮಟ್ಟದಲ್ಲಿ ಮುಕ್ತಾಯಗೊಂಡಿತು. ಆ ದಿನವೂ ಮಧ್ಯಮ ಮತ್ತು ಸಣ್ಣ ಕಂಪನಿಗಳ ಸೂಚ್ಯಂಕಗಳು ಜನವರಿಯ ಎತ್ತರವನ್ನು ಮರಳಿ ಮುಟ್ಟಿರಲಿಲ್ಲ. ಮುಂದಿನ ಎರಡು ತಿಂಗಳುಗಳಲ್ಲಿ, ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಯ ಸಾಲ ಮರುಪಾವತಿ ವೈಫಲ್ಯದ ಹಿನ್ನೆಲೆಯಲ್ಲಿ, ನಿಫ್ಟಿ ಸುಮಾರು 10,030ಕ್ಕೆ ಇಳಿಯಿತು. ಸಣ್ಣ ಕಂಪನಿಗಳ ಸೂಚ್ಯಂಕ 2018ರ ಜನವರಿಯ ಮಟ್ಟಕ್ಕೆ ಮರಳಿದ್ದು 2021ರಲ್ಲಿ. "ಪೇಟೆ ದಾಖಲೆ ಎತ್ತರದಲ್ಲಿದೆ" ಎಂಬ ಸುದ್ದಿಯನ್ನಷ್ಟೇ ನಂಬಿದ ಸಣ್ಣ ಹೂಡಿಕೆದಾರರಿಗೆ ತಮ್ಮದೇ ಖಾತೆಯ ಮೌಲ್ಯ ಏಕೆ ಕರಗುತ್ತಿದೆ ಎಂಬುದಕ್ಕೆ ಉತ್ತರ ಹರವಿನ ಅಂಕಿಗಳಲ್ಲಿತ್ತು.

ಆದರೆ ಅಪಸರಣ ಕಂಡ ಕೂಡಲೇ ಪೇಟೆ ಕುಸಿಯುವುದಿಲ್ಲ. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಏರಿಕೆ-ಇಳಿಕೆ ರೇಖೆ 1998ರ ಏಪ್ರಿಲ್‌ನಲ್ಲೇ ಶಿಖರ ತಲುಪಿ ಇಳಿಯತೊಡಗಿತು. ಎಸ್ ಅಂಡ್ ಪಿ 500 ಸೂಚ್ಯಂಕ ತನ್ನ ಶಿಖರ ತಲುಪಿದ್ದು 2000ದ ಮಾರ್ಚ್ 24ರಂದು. ಈ ನಡುವಣ ಸುಮಾರು ಎರಡು ವರ್ಷಗಳಲ್ಲಿ ಆ ಸೂಚ್ಯಂಕ ಮೂರನೆಯ ಒಂದು ಭಾಗದಷ್ಟು ಮೇಲೇರಿತ್ತು. ಎಚ್ಚರಿಕೆ ಸರಿಯಾಗಿಯೇ ಇತ್ತು. ಕಾಲವನ್ನು ಮಾತ್ರ ಅದು ತಿಳಿಸಲಿಲ್ಲ.

ತಳದ ಲಕ್ಷಣಗಳು

ಶಿಖರಗಳು ನಿಧಾನವಾಗಿ ರೂಪುಗೊಂಡರೆ, ತಳಗಳು ಭಯದಿಂದ ಒಮ್ಮೆಲೇ ಉಂಟಾಗುತ್ತವೆ. ಆಗ ಒಳ್ಳೆಯ ಷೇರು, ಕೆಟ್ಟ ಷೇರು ಎಂಬ ಭೇದವಿಲ್ಲದೆ ಎಲ್ಲವನ್ನೂ ಮಾರಲಾಗುತ್ತದೆ. ಆದ್ದರಿಂದ ಹರವಿನ ಸೂಚಕಗಳು ಶಿಖರಕ್ಕಿಂತ ತಳವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,934 ಅಂಶಗಳಷ್ಟು ಕುಸಿದು 25,981ರಲ್ಲಿ ಮುಕ್ತಾಯಗೊಂಡಾಗ, 200 ದಿನಗಳ ಸರಾಸರಿಗಿಂತ ಮೇಲಿದ್ದ ಷೇರುಗಳ ಪಾಲು ಅತ್ಯಲ್ಪವಾಗಿತ್ತು. ಅನಂತರ ಪೇಟೆ ಚೇತರಿಸಿಕೊಂಡಿತು.

ಇಲ್ಲಿಯೂ ಅವಸರ ಸಲ್ಲದು. ಅದೇ ತಿಂಗಳ 12ರಂದು ಸೆನ್ಸೆಕ್ಸ್ 2,919 ಅಂಶ ಕುಸಿದು 32,778ಕ್ಕೆ ಇಳಿದಾಗಲೂ ಕುಸಿತ ಸಾರ್ವತ್ರಿಕವಾಗಿತ್ತು. ಅಂದೇ ತಳ ಕಂಡಿತೆಂದು ಭಾವಿಸಿ ಕೊಂಡವರು ಮುಂದಿನ ಹನ್ನೊಂದು ದಿನಗಳಲ್ಲಿ ಮತ್ತೆ ಶೇಕಡಾ 20ರಷ್ಟು ಇಳಿಕೆಯನ್ನು ಕಾಣಬೇಕಾಯಿತು. ಅತಿರೇಕವು ಇನ್ನೂ ದೊಡ್ಡ ಅತಿರೇಕವಾಗಲು ಸಾಧ್ಯ.

ಹೆಚ್ಚು ನಂಬಲರ್ಹವಾದ ಲಕ್ಷಣವೆಂದರೆ, ಸೂಚ್ಯಂಕ ಮತ್ತಷ್ಟು ಇಳಿದರೂ ಹೊಸ ಕನಿಷ್ಠ ಮುಟ್ಟುವ ಷೇರುಗಳ ಸಂಖ್ಯೆ ಕಡಿಮೆಯಾಗುವುದು. ಎಸ್ ಅಂಡ್ ಪಿ 500 ಸೂಚ್ಯಂಕ 2008ರ ಅಕ್ಟೋಬರ್ 10ರಂದು 899ರಲ್ಲಿತ್ತು. 2009ರ ಮಾರ್ಚ್ 9ರಂದು 676ಕ್ಕೆ ಇಳಿಯಿತು. ಆದರೆ ನ್ಯೂಯಾರ್ಕ್‌ನಲ್ಲಿ ಹೊಸ ಕನಿಷ್ಠ ಕಂಡ ಷೇರುಗಳ ಸಂಖ್ಯೆ ಅಕ್ಟೋಬರ್‌ಗಿಂತ ಮಾರ್ಚ್‌ನಲ್ಲಿ ಬಹಳ ಕಡಿಮೆಯಿತ್ತು. ಮಾರುವವರ ಬಲ ಕುಂದಿತ್ತು. ಆ ಮಾರ್ಚ್ ಕುಸಿತದ ಕೊನೆಯಾಯಿತು.

ಸೂಚಕಗಳ ಮಿತಿಗಳು

• ವಿರಳವಾಗಿ ವಹಿವಾಟಾಗುವ ಅತಿ ಸಣ್ಣ ಕಂಪನಿಗಳೂ ಎಣಿಕೆಗೆ ಸೇರುವುದರಿಂದ ಅಂಕಿಗಳು ದಾರಿ ತಪ್ಪಿಸಬಹುದು. ನಿಫ್ಟಿ 500ರಂತಹ ನಿಗದಿತ ಪಟ್ಟಿಯ ಷೇರುಗಳನ್ನು ಮಾತ್ರ ಎಣಿಸುವುದು ಲೇಸು.
• ಒಂದು ದಿನದ ಅನುಪಾತಕ್ಕೆ ಹೆಚ್ಚಿನ ಮಹತ್ವ ನೀಡಬಾರದು. ಹತ್ತು ದಿನಗಳ ಸರಾಸರಿ ಹೆಚ್ಚು ಸೂಕ್ತ.
• ಶೇಕಡಾ 80 ಅಥವಾ 20 ಎಂಬ ಗಡಿಗಳು ರೂಢಿಯ ಮಟ್ಟಗಳೇ ಹೊರತು ನಿಯಮಗಳಲ್ಲ. ಬಲವಾದ ಏರಿಕೆಯ ಆರಂಭದಲ್ಲೂ ಪ್ರಮಾಣ ಶೇಕಡಾ 80ನ್ನು ಮೀರಿ ತಿಂಗಳುಗಟ್ಟಲೆ ಅಲ್ಲೇ ಉಳಿಯಬಹುದು.
• ಈ ಸೂಚಕಗಳು ಪೇಟೆಯ ಒಟ್ಟು ಸ್ಥಿತಿಯನ್ನು ಹೇಳುತ್ತವೆಯೇ ವಿನಾ, ನಿರ್ದಿಷ್ಟ ಕಂಪನಿಯ ಲಾಭ, ಸಾಲ ಅಥವಾ ಆಡಳಿತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೂಡಿಕೆದಾರರ ಗಮನಕ್ಕೆ

ಹರವಿನ ಸೂಚಕಗಳು ಅಪಾಯದ ಮಟ್ಟವನ್ನು ಅಳೆಯುವ ಸಾಧನಗಳು. ಭವಿಷ್ಯ ನುಡಿಯುವ ಸಾಧನಗಳಲ್ಲ. ಅಪಸರಣ ಕಂಡಾಗ ಸಾಲ ಮಾಡಿ ಷೇರು ಕೊಳ್ಳದಿರುವುದು, ಸದ್ಯದಲ್ಲೇ ಅಗತ್ಯವಿರುವ ಹಣವನ್ನು ಪೇಟೆಯಲ್ಲಿ ತೊಡಗಿಸದಿರುವುದು ವಿವೇಕ. ಸಾರ್ವತ್ರಿಕ ಕುಸಿತದ ಸಮಯದಲ್ಲಿ ಗಾಬರಿಯಿಂದ ಎಲ್ಲವನ್ನೂ ಮಾರದೆ, ಕೊಳ್ಳುವುದಿದ್ದರೂ ಹಣವನ್ನು ಕಂತುಗಳಾಗಿ ತೊಡಗಿಸುವುದು ಕ್ಷೇಮಕರ.

ಇಂತಹ ನಕ್ಷೆಗಳನ್ನು ತೋರಿಸಿ ಖಚಿತ ಲಾಭದ ಭರವಸೆ ನೀಡುವವರ ಬಗ್ಗೆ ಎಚ್ಚರ ವಹಿಸಬೇಕು. ಶುಲ್ಕ ಪಡೆದು ಹೂಡಿಕೆ ಸಲಹೆ ನೀಡುವವರು ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಡಿ, ಷೇರುಗಳ ವಿಶ್ಲೇಷಣೆ ಹಾಗೂ ಶಿಫಾರಸು ನೀಡುವವರು 2014ರ ಸಂಶೋಧನಾ ವಿಶ್ಲೇಷಕರ ನಿಯಮಾವಳಿಯಡಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ಪರಿಶೀಲಿಸಿದ ನಂತರವೇ ಹಣ ಪಾವತಿಸತಕ್ಕದ್ದು. ದೂರುಗಳಿದ್ದಲ್ಲಿ ಸೆಬಿಯ ಸ್ಕೋರ್ಸ್ ವ್ಯವಸ್ಥೆಯ ಮೂಲಕ ಸಲ್ಲಿಸಬಹುದಾಗಿದೆ.